ಪರದೆ ಆರಿಸಿದ ಮೇಲೆ

ನಿವೃತ್ತನಾದ ಮೇಲೂ ಕೆಲವು ಹುಡುಗರು ಫೋನು ಮಾಡಿ, “ಸಾರ್, ಆಕ್ಸೆಸಿಬಿಲಿಟಿ ಟೆಸ್ಟಿಂಗ್‌ನಲ್ಲಿ ಸ್ಕೋಪ್ ಇದ್ಯಾ?” ಎಂದು ಕೇಳುತ್ತಾರೆ. ಇದೆ ಎನ್ನುತ್ತೇನೆ. ಆಮೇಲೆ ಅವರು ಯಾವ ಕೋರ್ಸು, ಯಾವ ಸರ್ಟಿಫಿಕೇಟು ಎಂದು ಕೇಳುತ್ತಾ ಹೋಗುತ್ತಾರೆ, ನಾನು ಹೇಳುತ್ತಾ ಹೋಗುತ್ತೇನೆ. ಕೆಲಸ ನಿಜಕ್ಕೂ ಹೇಗಿರುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳಿಬಿಡೋಣ ಎಂದು ಇದನ್ನು ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಬರಬೇಡಿ ಎಂದು ಹೆದರಿಸುವ ಉದ್ದೇಶ ನನಗಿಲ್ಲ. ಬಂದ ಮೇಲೆ ಸುಸ್ತಾದರೆ, ಹಾಗಾಗಿದ್ದು ನಿಮಗೊಬ್ಬರಿಗೇ ಅಲ್ಲ ಎಂದು ಗೊತ್ತಿರಲಿ ಅಷ್ಟೇ.

ನಮ್ಮ ಕೆಲಸವನ್ನು ಸುಲಭವಾಗಿ ಹೇಳುವುದಾದರೆ ಇಷ್ಟು. ಕಣ್ಣು ಕಾಣದವರು, ಕಿವಿ ಕೇಳದವರು, ಮೌಸ್ ಹಿಡಿಯಲು ಕೈ ಬಾರದವರು ಒಂದು ಜಾಲತಾಣವನ್ನು ಬೇರೆಯವರ ಹಂಗಿಲ್ಲದೆ ಬಳಸಲು ಆಗಬೇಕು. ಅದಕ್ಕೆ ಅಂತರರಾಷ್ಟ್ರೀಯ ಮಾನದಂಡಗಳಿವೆ. ಚಿತ್ರವಿದ್ದರೆ ಅದರಲ್ಲಿ ಏನಿದೆ ಎಂದು ಅದರ ಹಿಂದೆ ಬರಹದಲ್ಲಿ ಹೇಳಿರಬೇಕು. ಮೌಸ್‌ನಿಂದ ಆಗುವುದೆಲ್ಲ ಕೀಬೋರ್ಡಿನಿಂದಲೂ ಆಗಬೇಕು. ಗುಂಡಿ ಇದ್ದರೆ ತಾನು ಯಾತರ ಗುಂಡಿ ಎಂದು ಅದೇ ಹೇಳಬೇಕು. ಕಣ್ಣು ಕಾಣದವರ ಕಂಪ್ಯೂಟರಿನಲ್ಲಿ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಇರುತ್ತದೆ. ಪರದೆಯ ಮೇಲಿರುವುದನ್ನು ಅದು ಗಟ್ಟಿಯಾಗಿ ಓದುತ್ತದೆ. ನಿಯಮ ಪಾಲಿಸಿದ ಪುಟವನ್ನು ಸರಾಗವಾಗಿ ಓದುತ್ತದೆ, ಪಾಲಿಸದ ಪುಟದಲ್ಲಿ ತೊದಲುತ್ತದೆ. ಆ ತೊದಲುವ ಜಾಗಗಳನ್ನು ಹುಡುಕಿ ತೋರಿಸುವುದೇ ನಮ್ಮ ಹೊಟ್ಟೆಪಾಡು.

ನಾನು ಬಾಗಲಗುಂಟೆಯವನು. ಮೊದಲ ಕೆಲಸ ಸಿಕ್ಕಿದ್ದು ಮನೆಯ ಹತ್ತಿರವೇ, ಪೀಣ್ಯದ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ. ಕೊರೆದ ತೂತು ಅಳತೆಗೆ ಸರಿಯಿದೆಯೋ ಇಲ್ಲವೋ ನೋಡಲು ಅಲ್ಲೊಂದು ಗೇಜ್ ಇರುತ್ತಿತ್ತು. ಅದರ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ನಮ್ಮ ಸೂಪರ್‌ವೈಸರ್ ದಿನಕ್ಕೊಮ್ಮೆಯಾದರೂ, “ಮುನಿರಾಜು, ಗೇಜ್‌ಗೆ ದಾಕ್ಷಿಣ್ಯ ಇಲ್ಲ ಕಣೋ, ನಿಂಗೂ ಇರ್ಬಾರ್ದು” ಎನ್ನುತ್ತಿದ್ದರು. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮುಂದೆ ಸಂಜೆ ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿತು, ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಸೇರಿ, ದಿನವೂ ಊರಿನ ಈ ತುದಿಯಿಂದ ಆ ತುದಿಗೆ ಬಸ್ಸಿನಲ್ಲಿ ಜೋತಾಡಿ ಸಾಕಾಗಿ ಹೆಬ್ಬಗೋಡಿಗೆ ಮನೆ ಬದಲಾಯಿಸಿದೆ. ಆದರೆ ಗೇಜಿನ ಬುದ್ಧಿ ಹೋಗಲಿಲ್ಲ. ಸಾಫ್ಟ್‌ವೇರ್‌ನಲ್ಲಿ ಎಲ್ಲರೂ “ಆಲ್ಮೋಸ್ಟ್ ಆಗಿದೆ” ಎನ್ನುತ್ತಾರೆ. ತೂತು ಆಲ್ಮೋಸ್ಟ್ ಸರಿಯಿದೆ ಎಂದು ಪೀಣ್ಯದಲ್ಲಿ ಯಾರಾದರೂ ಹೇಳಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದರು.

ನಮ್ಮ ವಿಭಾಗ ಶುರುವಾದಾಗ ಮಾನದಂಡವನ್ನು ಪ್ರಿಂಟ್ ತೆಗೆದು, ಸ್ಪೈರಲ್ ಹಾಕಿಸಿ, ಒಂದೊಂದೇ ನಿಯಮ ಓದಿ ಪುಟ ನೋಡುತ್ತಿದ್ದೆವು. ಆಮೇಲೆ ತಾನೇ ತಪಾಸಣೆ ಮಾಡುವ ಟೂಲ್ ಬಂತು. ಗುಂಡಿ ಒತ್ತಿದರೆ ತಪ್ಪಿದ್ದಲ್ಲಿ ಕೆಂಪು, ಇಲ್ಲದಿದ್ದಲ್ಲಿ ಹಸಿರು. ಆವತ್ತಿನಿಂದ ಯಾರೂ ನಿಯಮ ಓದಲಿಲ್ಲ, ಎಲ್ಲರೂ ಹಸಿರು ಬರಿಸುವುದನ್ನು ಕಲಿತರು. ಡೆವಲಪರ್ ಕಿರಣ ಆಗ ತಾನೇ ಕಾಲೇಜು ಮುಗಿಸಿ ಬಂದಿದ್ದ, ಚುರುಕು ಹುಡುಗ. ಹೊರದೇಶದ ಕ್ಲೈಂಟ್ ಒಬ್ಬರ ಚಪ್ಪಲಿ ಅಂಗಡಿಯ ತಾಣದಲ್ಲಿ ಚಿತ್ರಗಳಿಗೆ ವಿವರಣೆ ಇಲ್ಲವೆಂದು ಟೂಲ್ ಕೆಂಪಗೆ ಕೂತಿತ್ತು. ಅವನು ಒಂದೇ ಏಟಿಗೆ ಎಲ್ಲ ಚಿತ್ರಗಳ ಹಿಂದೆಯೂ ‘ಚಿತ್ರ’ ಎಂದು ಇಂಗ್ಲಿಷಿನಲ್ಲಿ ಬರೆದುಬಿಟ್ಟ. ಪುಟವೆಲ್ಲ ಹಸಿರಾಯಿತು. ನಾವು ಕೇಸರಿಬಾತ್ ತರಿಸಿ ತಿಂದೆವು.

ಮುಂದಿನ ಫೋನ್ ಮೀಟಿಂಗಿನಲ್ಲಿ ಕ್ಲೈಂಟ್ ಕಡೆಯವರೊಬ್ಬರು ಮಾತಿಗೆ ಮೊದಲು ತಮ್ಮ ಸ್ಕ್ರೀನ್ ರೀಡರ್ ಓದುವುದನ್ನು ಮೈಕಿನಲ್ಲಿ ಕೇಳಿಸಿದರು. ಅವರಿಗೆ ಕಣ್ಣು ಕಾಣುವುದಿಲ್ಲ ಎಂದು ನಮಗೆ ಗೊತ್ತಾದದ್ದು ಆಗಲೇ. ಅದು ಇಮೇಜ್, ಇಮೇಜ್, ಇಮೇಜ್ ಎಂದು ಹೇಳುತ್ತಲೇ ಹೋಯಿತು. ಅವರು ತಣ್ಣಗೆ, ಇದರಲ್ಲಿ ನನ್ನ ಹೆಂಡತಿಗೆ ಯಾವುದನ್ನು ಕೊಳ್ಳಲಿ ಎಂದು ಕೇಳಿದರು. ಕಿರಣನ ಕಿವಿ ಕೆಂಪಾಗಿದ್ದು ನನಗೆ ಈಗಲೂ ನೆನಪಿದೆ.

ಆ ಅವಮಾನದ ಫಲವಾಗಿ ಕಂಪನಿ ರೇಣುಕಾಳನ್ನು ಕೆಲಸಕ್ಕೆ ತೆಗೆದುಕೊಂಡಿತು. ಬಾಗಲಕೋಟೆ ಜಿಲ್ಲೆಯವಳು, ಹುಟ್ಟಿನಿಂದಲೇ ಕಣ್ಣು ಕಾಣದು, ಕಂಪ್ಯೂಟರ್ ಓದಿಕೊಂಡು ಬಂದವಳು. ಅವಳೂ ಹೆಬ್ಬಗೋಡಿಯಲ್ಲೇ ಪೀಜಿ ಹಿಡಿದಿದ್ದರಿಂದ ಎಷ್ಟೋ ದಿನ ಒಂದೇ ಬಸ್ಸಿನಲ್ಲಿ ಹೋಗಿದ್ದೇವೆ. ಸೇರಿದ ದಿನ ಅವಳ ಮೇಜಿನ ಮೇಲೆ ದೊಡ್ಡದೊಂದು ಮಾನಿಟರ್ ಇಟ್ಟಿದ್ದರು. ಅವಳು ಕೈಯಾಡಿಸಿ ನೋಡಿ ನಕ್ಕಳು. “ಇದನ್ಯಾಕ ಇಟ್ಟೀರಿ ಸರ? ನನಗ ಬ್ಯಾಡ್ರಿ, ಒಯ್ರಿ. ಜಾಗಾನರ ಆಗ್ತದ” ಎಂದಳು. ಒಯ್ಯಲು ಅಡ್ಮಿನ್‌ನವರು ಒಪ್ಪಲಿಲ್ಲ, ಪ್ರತಿ ಸೀಟಿಗೂ ಒಂದು ಮಾನಿಟರ್ ಇರಲೇಬೇಕಂತೆ. ಕಡೆಗೆ ಅವಳು ಅದಕ್ಕೆ ತನ್ನ ಊಟದ ಚೀಲ ನೇತುಹಾಕಿದಳು. ಇದ್ದಷ್ಟು ಕಾಲವೂ ಅದರಿಂದ ಆದ ಉಪಯೋಗ ಅಷ್ಟೇ.

ಅವಳು ಸಾಧು ಹೆಣ್ಣುಮಗಳೇನಲ್ಲ. ಮೂಗಿನ ತುದಿಯಲ್ಲೇ ಕೋಪ. ಅವಳು ಬರೆದ ತಪ್ಪುಗಳ ವರದಿಯನ್ನು ಕ್ಲೈಂಟಿಗೆ ಕಳಿಸುವ ಮೊದಲು ನಾನು ಕೂತು ಅದರಲ್ಲಿನ ಬೈಗುಳ ತೆಗೆಯಬೇಕಾಗುತ್ತಿತ್ತು. ಒಮ್ಮೆ ಸಹಕಾರಿ ಸಂಸ್ಥೆಯೊಂದರ ಕನ್ನಡ ತಾಣ ಪರೀಕ್ಷೆಗೆ ಬಂತು. ಕಣ್ಣಿಗೆ ಚೊಕ್ಕ ಕನ್ನಡ. ಒಳಗೆ ಮಾತ್ರ ಹಳೆಯ ಕಾಲದ ಫಾಂಟ್; ಅಂದರೆ ಕಂಪ್ಯೂಟರಿನ ಪಾಲಿಗೆ ಅಲ್ಲಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ, ಮೇಲೆ ಕನ್ನಡದ ವೇಷ. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಪದ್ಧತಿ ಬಂದು ಎಷ್ಟೋ ಕಾಲವಾಗಿದ್ದರೂ ಇವರು ಬದಲಾಯಿಸಿರಲಿಲ್ಲ. ಸ್ಕ್ರೀನ್ ರೀಡರ್ ಏನೇನೋ ಬಡಬಡಿಸಿತು. ರೇಣುಕಾ ಹೆಡ್‌ಫೋನ್ ತೆಗೆದು, “ಸರ, ಇದಕ್ಕ ದೆವ್ವ ಬಡದೈತ್ರಿ” ಎಂದಳು. ವರದಿಯಲ್ಲೂ ಹಾಗೆಯೇ ಬರೆದಿದ್ದಳು. ಅದನ್ನು ಸಭ್ಯ ಭಾಷೆಗೆ ತರಲು ನನಗೆ ಅರ್ಧ ದಿನ ಹಿಡಿಯಿತು.

ನಮ್ಮ ವಿಭಾಗದ ಪದ್ಧತಿಯೊಂದು ಹುಟ್ಟಿದ್ದು ಅವಳ ಮೇಜಿನಲ್ಲೇ. ಹಸಿರು ಬಂದಿದೆ ಎಂದು ಕಿರಣ ವಾದ ಮಾಡುತ್ತಿದ್ದ ಒಂದು ದಿನ ಅವಳು ಅವನನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, “ಪರದೆ ಆರಿಸು, ಮೌಸ್ ಕಡೀಕಿಡು. ಈಗ ಒಂದು ಜೋಡು ತಗೋ ನೋಡೂಣು” ಎಂದಳು. ಚಪ್ಪಲಿ ಅಂಗಡಿಯನ್ನು ಕಟ್ಟಿದವನೇ ಅವನು. ಅದರೊಳಗೆ ದಾರಿ ತಪ್ಪಿ, ಬೆವೆತು, ಕಡೆಗೆ ಬೇಕಾದ ಜೋಡು ಬಿಟ್ಟು ಮಕ್ಕಳ ಬೂಟನ್ನು ಬುಟ್ಟಿಗೆ ಹಾಕಿ ಎದ್ದ. ಅಂದಿನಿಂದ ಏನೇ ಬಿಡುಗಡೆಯಾಗಬೇಕಾದರೂ ಕಟ್ಟಿದವರು ಪರದೆ ಆರಿಸಿ, ಕಿವಿಯಿಂದಲೇ ಆ ಕೆಲಸ ಮುಗಿಸಿ ತೋರಿಸಬೇಕು ಎಂದು ತಂಡದ ಹಿರಿಯನಾಗಿದ್ದ ನಾನು ನಿಯಮ ಮಾಡಿದೆ. ಹುಡುಗರು ಅದಕ್ಕೆ ಕತ್ತಲೆ ಪರೀಕ್ಷೆ ಎಂದು ಹೆಸರಿಟ್ಟರು. ರೇಣುಕಾ ಸಿಡುಕಿದಳು. “ಕತ್ತಲಿ ನಿಮಗ್ರಿ. ನನಗೆಲ್ಲಿ ಕತ್ತಲಿ? ನಾ ದಿನಾ ಮಾಡೂ ಕೆಲಸಕ್ಕ ಅಂಥಾ ಹೆಸರ ಇಡಬ್ಯಾಡ್ರಿ.” ಕಿವಿ ಪರೀಕ್ಷೆ ಎಂದು ಬದಲಾಯಿಸಿದೆವು. ನನ್ನ ಇಡೀ ವೃತ್ತಿಯಲ್ಲಿ ಯಾವ ಟೂಲೂ ಹಿಡಿಯದ ತಪ್ಪನ್ನು ಹಿಡಿದದ್ದು ಈ ಪರೀಕ್ಷೆ. ಇದನ್ನು ಬಿಡಬೇಡಿ, ಯಾರು ನಕ್ಕರೂ ಬಿಡಬೇಡಿ.

ಆಮೇಲೆ ಬಂತು ಹೊಸ ಪೋರ್ಟಲ್. ರಜೆ, ಹಾಜರಿ, ಟೈಮ್‌ಶೀಟ್ ಎಲ್ಲ ಒಂದೇ ಕಡೆ ಇರಲಿ ಎಂದು ಕಂಪನಿ ಎಲ್ಲಿಂದಲೋ ಕೊಂಡು ತಂದದ್ದು. ಟೈಮ್‌ಶೀಟ್ ಎಂದರೆ ಆ ವಾರ ಯಾವ ದಿನ ಯಾವ ಕೆಲಸ ಮಾಡಿದೆ ಎಂದು ಶುಕ್ರವಾರ ತುಂಬಿ ಕಳಿಸುವುದು. ಕಳಿಸದಿದ್ದರೆ ಆ ವಾರ ನೀವು ಬಂದೇ ಇಲ್ಲ ಎಂದು ಲೆಕ್ಕ. ಹಳೆಯದು ಸಾದಾ ಕೋಷ್ಟಕ, ರೇಣುಕಾ ತಾನೇ ತುಂಬುತ್ತಿದ್ದಳು. ಹೊಸದರಲ್ಲಿ ಬಣ್ಣಬಣ್ಣದ ಕ್ಯಾಲೆಂಡರ್. ತಾರೀಖಿನ ಮೇಲೆ ಮೌಸ್ ಇಟ್ಟು ಒತ್ತಿದರಷ್ಟೇ ತೆರೆಯುತ್ತಿತ್ತು. ಸ್ಕ್ರೀನ್ ರೀಡರಿಗೆ ತಾರೀಖು ಕಾಣದು. ಅದು ಬಟನ್, ಬಟನ್, ಬಟನ್ ಎಂದು ಹೇಳುತ್ತಿತ್ತು.

ಜಗತ್ತಿಗೆಲ್ಲ ಆಕ್ಸೆಸಿಬಿಲಿಟಿ ಮಾರುವ ಕಂಪನಿಯ ಒಳಗೇ ಹೀಗೆ. ಮನೆಗೆ ಮಾರಿ, ಊರಿಗೆ ಉಪಕಾರಿ. ನಾನು ತಕ್ಷಣ ತಕರಾರು ದಾಖಲಿಸಿದೆ. ನಮ್ಮಲ್ಲಿ ಅದಕ್ಕೆ ಟಿಕೆಟ್ ಎನ್ನುತ್ತಾರೆ. ಆಮೇಲೆ ವಿಭಾಗದ ಮುಖ್ಯಸ್ಥರಾದ ಪ್ರಸಾದ್ ಅವರ ಕ್ಯಾಬಿನ್ನಿಗೆ ಹೋದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕೆಟ್ಟವರಲ್ಲ.

“ಮುನಿರಾಜು ಅವ್ರೇ, ಅದು ಇಂಟರ್ನಲ್ ಟೂಲ್. ಅದಕ್ಕೆ ಕ್ಲೈಂಟ್ ಯಾರಿದಾರೆ ಹೇಳಿ?”

“ರೇಣುಕಾ ಇದಾಳಲ್ಲ ಸಾರ್.”

“ಅವ್ಳು ಎಂಪ್ಲಾಯಿ ಕಣ್ರೀ” ಎಂದು ಅವರು ನಕ್ಕರು. “ಯಾರಾದ್ರೂ ಪಕ್ಕದಲ್ಲಿರೋರು ತುಂಬಿಕೊಡ್ಲಿ ಬಿಡಿ. ಎರಡು ನಿಮಿಷದ ಕೆಲ್ಸ.”

ಅದರಂತೆ ಶುಕ್ರವಾರ ಯಾರಾದರೊಬ್ಬರು ಅವಳ ಲಾಗಿನ್‌ನಲ್ಲಿ ಕೂತು ಕ್ಯಾಲೆಂಡರ್ ಒತ್ತಿಕೊಡಲು ಶುರು ಮಾಡಿದರು. ರೇಣುಕಾ ಪಕ್ಕದಲ್ಲಿ ನಿಂತಿರುತ್ತಿದ್ದಳು. ಉಳಿದ ನಾಲ್ಕು ದಿನ ಎಲ್ಲರನ್ನೂ ಬೈದುಕೊಂಡು ಓಡಾಡುವವಳು ಆ ಹೊತ್ತಿನಲ್ಲಿ ಮಾತೇ ಆಡುತ್ತಿರಲಿಲ್ಲ. ಒಂದು ಶುಕ್ರವಾರ ಬಸ್ಸಿಗೆ ಕಾಯುತ್ತಾ, “ನಾ ಮಾಡಿದ ಕೆಲಸಾ ನಾ ಬರೀಬೇಕ್ರಿ ಸರ. ಈ ನೌಕ್ರಿ ಮಾಡಾಕ ಬಂದದ್ದ ಅದಕ್ಕ. ಊರಾಗ ಎಲ್ಲಾನೂ ಮಂದೀನ ಮಾಡಿಕೊಡ್ತಿದ್ರು” ಎಂದಳು. ನಾನು ಮತ್ತೆ ಟಿಕೆಟ್ ಬೆನ್ನು ಹತ್ತಿದೆ. ಪೋರ್ಟಲ್ ಮಾರಿದವರು ಮುಂದಿನ ಕ್ವಾರ್ಟರ್, ಅಂದರೆ ಮುಂದಿನ ಮೂರು ತಿಂಗಳಲ್ಲಿ, ಸರಿ ಮಾಡುತ್ತೇವೆ ಎಂದರು. ಆ ಕ್ವಾರ್ಟರ್ ಬಂದಾಗ ಅದರ ಮುಂದಿನದು ಎಂದರು.

ಅಷ್ಟರಲ್ಲಿ ಮಾಹಿತಿ ಸುರಕ್ಷತೆಯ ಮಾನದಂಡಕ್ಕೆ ಸರ್ಟಿಫಿಕೇಟ್ ಪಡೆಯುವ ಸಂಭ್ರಮ ಶುರುವಾಯಿತು. ಲಿಫ್ಟಿನಲ್ಲಿ, ಕ್ಯಾಂಟೀನಿನಲ್ಲಿ, ಕೈ ತೊಳೆಯುವ ಜಾಗದಲ್ಲೂ ಪೋಸ್ಟರು: ನಿಮ್ಮ ಲಾಗಿನ್ ನಿಮ್ಮದು ಮಾತ್ರ, ಇನ್ನೊಬ್ಬರಿಗೆ ಕೊಟ್ಟರೆ ಶಿಸ್ತುಕ್ರಮ. ಹೊರಗಿನಿಂದ ಆಡಿಟರ್ ಬಂದರು. ಅವರು ಅಲ್ಲಲ್ಲಿ ನಿಂತು ಯಾರನ್ನಾದರೂ ಪ್ರಶ್ನೆ ಕೇಳುವುದು ವಾಡಿಕೆ. ರೇಣುಕಾಳ ಮೇಜಿನ ಹತ್ತಿರ ನಿಂತು, ನಿಮ್ಮ ಲಾಗಿನ್ ಬೇರೆಯವರು ಬಳಸುತ್ತಾರಾ ಎಂದು ಕೇಳಿದರು. ಇಂಥ ಪ್ರಶ್ನೆಗೆ ಇಲ್ಲ ಎಂದೇ ಹೇಳಬೇಕೆಂದು ಎಲ್ಲರಿಗೂ ಮೊದಲೇ ಪಾಠ ಮಾಡಿಸಿದ್ದರು. ಅವಳು, “ಹೌದ್ರಿ. ಪ್ರತಿ ಶುಕ್ರವಾರ” ಎಂದಳು.

ಸಂಜೆ ನಾನು, “ಏನಮ್ಮಾ, ಹಂಗೆ ಹೇಳ್ಬಿಟ್ಟೆ” ಎಂದಾಗ, “ಸುಳ್ಳ ಹೇಳ್ಬೇಕಿತ್ತೇನ್ರಿ? ಅವರೂ ನಿಮ್ಮಂಗ ತಪ್ಪ ಹುಡುಕಾಕ ಬಂದವ್ರು” ಎಂದಳು. ಅವಳ ನಂಬಿಕೆ ಏನೆಂದರೆ, ಹೊರಗಿನವರು ಬರೆದರಾದರೂ ಆ ಕ್ಯಾಲೆಂಡರ್ ರಿಪೇರಿಯಾಗುತ್ತದೆ ಎಂಬುದು. ನಾನೂ ಒಳಗೊಳಗೇ ಅದನ್ನೇ ನಂಬಿದ್ದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು. ಆಡಿಟ್ ವರದಿಯಲ್ಲಿ ಕ್ಯಾಲೆಂಡರಿನ ಮಾತೇ ಇರಲಿಲ್ಲ. ಉದ್ಯೋಗಿಯೊಬ್ಬರು ಲಾಗಿನ್ ಹಂಚಿಕೊಂಡಿದ್ದಾರೆ ಎಂದಷ್ಟೇ ಇತ್ತು. ರೇಣುಕಾಗೆ ಎಚ್ಚರಿಕೆ ಪತ್ರ ಬಂತು. ಇನ್ನು ಮುಂದೆ ಬೇರೆಯವರು ಅವಳ ಲಾಗಿನ್ ಮುಟ್ಟುವಂತಿಲ್ಲ. ಟೈಮ್‌ಶೀಟ್ ಮಾತ್ರ ಶುಕ್ರವಾರ ಬರಲೇಬೇಕು. ಅವಳು ತಾನು ಮಾಡಿದ ಕೆಲಸವನ್ನೆಲ್ಲ ಮೇಲ್ ಬರೆದು ಕಳಿಸಿದಳು. ಮೇಲ್ ನಡೆಯುವುದಿಲ್ಲ, ಪೋರ್ಟಲ್‌ನಲ್ಲೇ ಆಗಬೇಕು ಎಂದರು. ದಿನವೂ ನನ್ನ ಜೊತೆ ಬಸ್ಸಿಳಿದು ಬಂದು ಕೂರುತ್ತಿದ್ದವಳನ್ನು ಪೋರ್ಟಲ್ ಗೈರುಹಾಜರಿ ಎಂದು ತೋರಿಸತೊಡಗಿತು. ಹೀಗೇ ಮುಂದುವರಿದರೆ ಕೆಲಸದಿಂದ ತೆಗೆಯಬೇಕಾಗುತ್ತದೆ ಎಂದು ಎರಡನೆಯ ಪತ್ರ ಬಂತು.

ನಾನು ಮತ್ತೆ ಪ್ರಸಾದ್ ಅವರ ಕ್ಯಾಬಿನ್ನಿಗೆ ಹೋದೆ. ಮಾತಾಡಿ ಪ್ರಯೋಜನವಿಲ್ಲ ಎಂದು ನಮ್ಮ ಪದ್ಧತಿಯನ್ನೇ ಹಿಡಿದೆ. “ಸಾರ್, ಒಂದೇ ಒಂದು ಸಲ ಪರದೆ ಆರಿಸಿ, ನಿಮ್ಮ ಟೈಮ್‌ಶೀಟ್ ತುಂಬಿ ನೋಡಿ” ಎಂದೆ.

ಅವರು ತೀರಾ ಸಹಜವಾಗಿ, “ನನ್ನ ಟೈಮ್‌ಶೀಟ್ ನಾನೆಲ್ಲಿ ತುಂಬ್ತೀನ್ರೀ, ಅದನ್ನ ನನ್ನ ಸೆಕ್ರೆಟರಿ ನೋಡ್ಕೊತಾರೆ” ಎಂದರು.

“ನಿಮ್ಮ ಲಾಗಿನ್‌ನಲ್ಲಾ ಸಾರ್?”

“ಅದು ಬೇರೆ” ಎಂದರು. ಕೆಟ್ಟವರಲ್ಲ ಎಂದೆನಲ್ಲ, ಒಂದು ದಾರಿಯನ್ನೂ ಹುಡುಕಿಕೊಟ್ಟರು. ರೇಣುಕಾಗೆ ವಿಶೇಷ ವಿನಾಯಿತಿ. ತನ್ನ ಅಂಗವೈಕಲ್ಯದ ಕಾರಣ ಪೋರ್ಟಲ್ ಬಳಸಲು ತನಗೆ ಸಾಧ್ಯವಿಲ್ಲ, ಮುನಿರಾಜು ತನ್ನ ಪರವಾಗಿ ತುಂಬಲಿ ಎಂದು ಅವಳು ಬರೆದು ಸಹಿ ಹಾಕಬೇಕು. ನಾನು ಅವಳಿಗೆ ಓದಿ ಹೇಳಿದೆ. ನೌಕರಿ ಉಳಿಯುತ್ತದೆ, ಹಾಕು ಎಂದೂ ಹೇಳಿದೆ. ಅವಳು ಆ ಕಾಗದವನ್ನು ನನ್ನ ಕಡೆಗೇ ಸರಿಸಿದಳು. “ನನ್ನ ಕೈಲಾಗೂದಿಲ್ಲಂತ ನಾ ಬರದ ಕೊಡ್ಬೇಕೇನ್ರಿ ಸರ? ಆಗದಿರೂದು ಆ ಕ್ಯಾಲೆಂಡರಿನ ಕೈಲಿ. ವರದಿ ಬರಿಯೂದು ನೀವ ಕಲಿಸೀರಿ. ತಪ್ಪ ಪುಟದ್ದ ಅಂತ ಬರೀಬೇಕು, ಮನಷ್ಯಾರದ್ದಂತ ಬರೀಬಾರ್ದು ಅಂತ.” ನಾನೇ ಹೇಳಿಕೊಟ್ಟಿದ್ದ ಪಾಠ.

ಅವಳು ರಾಜೀನಾಮೆ ಕೊಡಲು ತೀರ್ಮಾನಿಸಿದಳು. ರಾಜೀನಾಮೆಯೂ ಅದೇ ಪೋರ್ಟಲ್ ಮೂಲಕವೇ ಆಗಬೇಕು. ಕಾರಣವನ್ನು ಟೈಪ್ ಮಾಡಿದಳು, ಉಳಿದದ್ದನ್ನೆಲ್ಲ ಪಟಪಟನೆ ಮುಗಿಸಿದಳು. ಕೊನೆಯಲ್ಲಿ, ಕೆಲಸದ ಕಡೆಯ ದಿನ ಯಾವುದು ಎಂದು ಆರಿಸಲು ಆ ಕ್ಯಾಲೆಂಡರ್ ತೆರೆದುಕೊಂಡಿತು. ಬಟನ್, ಬಟನ್, ಬಟನ್. ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. “ಇದೊಂದ ಸಲ ನೀವ ಒತ್ರಿ ಸರ” ಎಂದಳು. ಮಾನಿಟರಿಗೆ ನೇತುಹಾಕಿದ್ದ ಊಟದ ಚೀಲ ಸರಿಸಿ, ಪರದೆ ಹಚ್ಚಿ, ಅವಳು ಹೇಳಿದ ತಾರೀಖಿನ ಮೇಲೆ ಒತ್ತಿದೆ. ಅವಳ ರಾಜೀನಾಮೆಯನ್ನು ಕಳಿಸಿದ ಕೈ ನನ್ನದು. ಅಷ್ಟು ವರ್ಷದ ಕೆಲಸದಲ್ಲಿ ನಾನು ಮಾಡಿದ ಯಾವುದೂ ಅಷ್ಟು ಭಾರವಾಗಿರಲಿಲ್ಲ.

ಅವಳು ಹೋದ ವಾರದಲ್ಲೇ ನನ್ನ ಟಿಕೆಟ್ ಮುಚ್ಚಿತು. ಕಾರಣದ ಜಾಗದಲ್ಲಿ, ತೊಂದರೆಗೊಳಗಾದ ಉದ್ಯೋಗಿ ಈಗ ಕಂಪನಿಯಲ್ಲಿಲ್ಲ, ಹೀಗಾಗಿ ತೊಂದರೆಯೂ ಇಲ್ಲ ಎಂದು ಬರೆದಿದ್ದರು. ಬರೆದವರು ಯಾರೋ, ಅವರಿಗೆ ಅದರಲ್ಲಿ ತಪ್ಪೇನೂ ಕಂಡಿರಲಿಕ್ಕಿಲ್ಲ. ನಾನು ಮತ್ತೆ ತೆರೆದೆ. ಅವರು ಮತ್ತೆ ಮುಚ್ಚಿದರು. ನಿವೃತ್ತಿಯಾಗುವವರೆಗೂ ಈ ಆಟ ನಡೆದೇ ಇತ್ತು.

ಈಚೆಗೆ ಚಿತ್ರಗಳಿಗೆ ವಿವರಣೆ ಬರೆಯಲು ಯಂತ್ರವೇ ಬಂದಿದೆ. ನಾನಿರುವಾಗಲೇ ಬಂತು. ತೀರಿಕೊಂಡ ಸಹೋದ್ಯೋಗಿಯೊಬ್ಬರ ಹಾರ ಹಾಕಿದ ಫೋಟೋವನ್ನು ಕಂಪನಿಯ ಒಳತಾಣದಲ್ಲಿ ಹಾಕಿದ್ದರು. ಸನ್ಮಾನ ಸ್ವೀಕರಿಸಿ ಸಂತೋಷದಿಂದ ನಗುತ್ತಿರುವ ವ್ಯಕ್ತಿ ಎಂದು ಯಂತ್ರ ವಿವರಣೆ ಕೊಟ್ಟಿತ್ತು. ಟೂಲ್ ಹಸಿರು ತೋರಿಸಿತ್ತು. ರೇಣುಕಾ ಇದ್ದಿದ್ದರೆ ವರದಿಯಲ್ಲಿ ಏನು ಬರೆಯುತ್ತಿದ್ದಳೋ ಎಂದುಕೊಂಡೆ. ಬೈಗುಳ ತೆಗೆಯುವ ಕೆಲಸವೂ ನನಗೆ ಉಳಿದಿರಲಿಲ್ಲ.

ನನ್ನ ಕಡೆಯ ದಿನ ಊಟ, ಶಾಲು, ಭಾಷಣ ಎಲ್ಲ ಮುಗಿದ ಮೇಲೆ ಪೋರ್ಟಲ್‌ನಲ್ಲಿ ಬಿಡುಗಡೆಯ ಅರ್ಜಿ ಕಳಿಸುವುದೊಂದು ಬಾಕಿ ಇತ್ತು. ಏನನ್ನಿಸಿತೋ, ಪರದೆ ಆರಿಸಿದೆ. ಮೌಸನ್ನು ಡ್ರಾಯರಿಗೆ ಹಾಕಿ ಹೆಡ್‌ಫೋನ್ ಹಾಕಿಕೊಂಡೆ. ಹೆಸರು, ವಿಭಾಗ ಎಲ್ಲ ದಾಟಿ ಕ್ಯಾಲೆಂಡರಿಗೆ ಬಂದು ನಿಂತೆ. ಅದು ಹಳೆಯದನ್ನೇ ಹೇಳತೊಡಗಿತು. ಈಗ ಮ್ಯಾನೇಜರ್ ಆಗಿರುವ ಕಿರಣ ಬಂದು ಹೆಗಲ ಮೇಲೆ ಕೈಯಿಟ್ಟು, “ಸಾರ್, ನಾನ್ ಒತ್ಕೊಡ್ಲಾ?” ಎಂದ.

“ಬೇಡ ಕಣೋ, ನನ್ನದು ನಾನೇ ಮಾಡ್ತೀನಿ” ಎಂದೆ. ಅವನಿಗೆ ಅರ್ಥವಾಯಿತು, ತಲೆ ತಗ್ಗಿಸಿಕೊಂಡು ಹೋದ. ನಾನು ಕೀ ಒತ್ತುತ್ತಲೇ ಕೂತೆ. ಕ್ಯಾಬ್ ಹುಡುಕಿಕೊಂಡು ಒಬ್ಬೊಬ್ಬರಾಗಿ ಎಲ್ಲರೂ ಹೊರಟರು.

ಸಂಜೆ ಬಸ್ ಸ್ಟಾಪಿನಲ್ಲಿ ನಿಂತು ರೇಣುಕಾಗೆ ಫೋನು ಮಾಡಿದೆ. ಅವಳೀಗ ಹುಬ್ಬಳ್ಳಿಯಲ್ಲಿ ಕಣ್ಣು ಕಾಣದ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ರಿಟೈರ್ ಆದೆ ಎಂದೆ, ಪರದೆ ಆರಿಸಿ ಕೂತಿದ್ದನ್ನೂ ಹೇಳಿದೆ. ಅವಳು ನಕ್ಕಳು.

“ಎಷ್ಟೊತ್ತ ತಡ್ಕೊಂಡ್ರಿ ಸರ?”

“ಆಫೀಸು ಖಾಲಿಯಾಗೋವರ್ಗೂ ಕೂತಿದ್ದೆ ಕಣಮ್ಮಾ. ಆಗ್ಲಿಲ್ಲ.”

“ಆಮ್ಯಾಲ?”

“ಪರದೆ ಹಚ್ಚಿಬಿಟ್ಟೆ.”

ಆ ಕಡೆ ಮಕ್ಕಳ ಗಲಾಟೆ ಕೇಳಿಸುತ್ತಿತ್ತು. ರೇಣುಕಾ ಸಿಟ್ಟಿಲ್ಲದೆ ಹೇಳಿದಳು: “ನಿಮಗ ಪರದೆನರ ಇತ್ತು ನೋಡ್ರಿ ಸರ, ಹಚ್ಚಾಕ.”